ಹೂವಿಗಿಂತ ಮೊದಲು ಎಲೆ ಉದುರುತ್ತದೆ: ಹಳ್ಳಿಮನೆಯ ಸುತ್ತ ವಸಂತದ ಗುರುತುಗಳು

ಪ್ರಶ್ನೆ: ನಗರ ಬಿಟ್ಟು ಹಳ್ಳಿಮನೆಗೆ ಬಂದು ನಮಗೆ ಇನ್ನೂ ಒಂದು ವರ್ಷ ತುಂಬಿಲ್ಲ. ಮನೆಯ ಸುತ್ತ ಮಾವು, ಹೊಂಗೆ, ಬೇವು, ಒಂದು ದೊಡ್ಡ ಅರಳಿ ಮರ ಇವೆ. ಜನವರಿ ಕೊನೆಯಿಂದ ಎಲೆ ಉದುರುವುದು ಶುರುವಾಯಿತು. ಗೇಟಿನ ಪಕ್ಕದಲ್ಲಿರುವ, ಹೆಸರು ಗೊತ್ತಿಲ್ಲದ ಮರವಂತೂ ಪೂರ್ತಿ ಬೋಳು. ಒಣಗಿಹೋಯಿತೇನೋ ಅಂತ ಭಯ. ಅದೇ ಹೊತ್ತಿಗೆ ಕೆಲವು ಮರ ಒಂದು ಹನಿ ಮಳೆಯಿಲ್ಲದೆ ಚಿಗುರುತ್ತಿವೆ. ಅದು ಹೇಗೆ ಸಾಧ್ಯ? ಒಂದು ಪುಟ್ಟ ಹಕ್ಕಿ ದಿನಾ ಬೆಳಿಗ್ಗೆ ಬಂದು ಕಿಟಕಿ ಗಾಜು ಕುಕ್ಕುತ್ತದೆ. ಇವೆಲ್ಲ ವಸಂತದ ಗುರುತುಗಳಾ? ವಸಂತ ಬಂತು ಅಂತ ಯಾವುದನ್ನು ನೋಡಿ ಹೇಳಬೇಕು?

ಉತ್ತರ: ಹೌದು, ನೀವು ಬರೆದದ್ದೆಲ್ಲ ವಸಂತದ ಗುರುತುಗಳೇ. ಹೊಸಬರಾಗಿದ್ದೂ ಚೆನ್ನಾಗಿ ಗಮನಿಸಿದ್ದೀರಿ. ಒಂದೇ ಒಂದು ಕಡೆ ತಪ್ಪಿದ್ದೀರಿ: ಎಲೆ ಉದುರಿದ್ದನ್ನು ಕೆಟ್ಟ ಸುದ್ದಿ ಅಂದುಕೊಂಡಿರಿ. ಬಿಸಿ ನಾಡುಗಳಲ್ಲಿ ವಸಂತ ಶುರುವಾಗುವುದೇ ಅಲ್ಲಿಂದ. ಎಲ್ಲರೂ ಮೊದಲ ಹೂವಿಗೆ ಕಾಯುತ್ತಾರೆ. ಹೂ ಕಾಣುವ ಹೊತ್ತಿಗೆ ಅರ್ಧ ಕಥೆ ಮುಗಿದಿರುತ್ತದೆ.

ತಾರೀಕಿನ ವಿಷಯ ಮೊದಲು ಮುಗಿಸಿಬಿಡೋಣ. ಖಗೋಳದ ಲೆಕ್ಕದಲ್ಲಿ ಉತ್ತರಾರ್ಧ ಗೋಳದ ವಸಂತ ಮಾರ್ಚ್ 20ರ ಆಸುಪಾಸಿನಲ್ಲಿ, ಹಗಲು ರಾತ್ರಿ ಹೆಚ್ಚುಕಮ್ಮಿ ಸಮವಾದ ದಿನ ಶುರುವಾಗುತ್ತದೆ. ಹವಾಮಾನದವರು ಸುಲಭಕ್ಕೆ ಮಾರ್ಚ್ 1 ಅಂತಾರೆ. ನಮ್ಮ ಪಂಚಾಂಗ ಚೈತ್ರ, ವೈಶಾಖ ಅನ್ನುತ್ತದೆ. ದಕ್ಷಿಣಾರ್ಧ ಗೋಳದವರಿಗೆ ಸೆಪ್ಟೆಂಬರ್‌ನಲ್ಲಿ ಬರುತ್ತದೆ. ಇದರಲ್ಲಿ ಯಾವುದೂ ನಿಮ್ಮ ಅರಳಿ ಮರಕ್ಕೆ ಗೊತ್ತಿಲ್ಲ. ಅದು ಬೇರೆ ಲೆಕ್ಕ ಇಡುತ್ತದೆ.

ಆ ಲೆಕ್ಕ ಏನು ಅನ್ನುವುದೇ ನಿಮ್ಮ ಮುಖ್ಯ ಪ್ರಶ್ನೆ. ಮಳೆಯಿಲ್ಲದೆ ಚಿಗುರು ಹೇಗೆ?

ಎಲೆ ಅಂದರೆ ಮರಕ್ಕೆ ನೀರು ಸೋರುವ ಜಾಗ. ಹಗಲಿಡೀ ಎಲೆಯ ಸಣ್ಣ ಸಣ್ಣ ರಂಧ್ರಗಳಿಂದ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. ಎಲೆ ಹಳೆಯದಾದ ಹಾಗೆ ಈ ರಂಧ್ರಗಳನ್ನು ಸರಿಯಾಗಿ ಮುಚ್ಚುವ ಹಿಡಿತ ತಪ್ಪುತ್ತದೆ. ಮಣ್ಣು ಒಣಗುತ್ತಿರುವಾಗ ಇಂಥ ಎಲೆ ಇಟ್ಟುಕೊಳ್ಳುವುದು ನಷ್ಟದ ವ್ಯಾಪಾರ. ಹಾಗಾಗಿ ಮರ ಮೊದಲು ಎಲೆಯಲ್ಲಿರುವ ಸಾರಜನಕ, ರಂಜಕದಂಥ ಬೆಲೆಬಾಳುವ ಸರಕನ್ನು ಆದಷ್ಟು ಕೊಂಬೆಗೆ ವಾಪಸ್ ಎಳೆದುಕೊಳ್ಳುತ್ತದೆ. ಹಸಿರು ಬಣ್ಣ ಒಡೆದುಹೋಗಿ ಹಳದಿ ಕಾಣುತ್ತದೆ. ಆಮೇಲೆ ತೊಟ್ಟಿನ ಬುಡದಲ್ಲಿ ಒಂದು ತೆಳು ಪದರ ಸಡಿಲವಾಗಿ ಎಲೆ ಕಳಚಿ ಬೀಳುತ್ತದೆ. ಕಳಚಿದ ಜಾಗ ಬಿರಡೆ ಹಾಕಿದ ಹಾಗೆ ಮುಚ್ಚಿಕೊಳ್ಳುತ್ತದೆ.

ಈಗ ಗಮನಿಸಿ. ಸೋರುವ ಜಾಗವೆಲ್ಲ ಬಂದ್ ಆಯಿತು. ಆದರೆ ಆಳಕ್ಕೆ ಇಳಿದ ಬೇರು ನೀರೆಳೆಯುತ್ತಲೇ ಇದೆ. ಆ ನೀರು ಕಾಂಡದಲ್ಲಿ, ಕೊಂಬೆಯಲ್ಲಿ ನಿಧಾನಕ್ಕೆ ತುಂಬಿಕೊಳ್ಳುತ್ತದೆ. ಅಂದರೆ ಹೊರಗಿನಿಂದ ಸತ್ತ ಹಾಗೆ ಕಾಣುವ ಬೋಳು ಮರದ ಕಾಂಡ ಒಳಗೊಳಗೇ ತೇವ ತುಂಬಿಕೊಳ್ಳುತ್ತಿರುತ್ತದೆ. ಚಿಗುರಿಗೆ ಬೇಕಾದ ನೀರು ಇದೇ. ಮೋಡದಿಂದ ಬಂದದ್ದಲ್ಲ, ಎಲೆ ಬಿಟ್ಟುಕೊಟ್ಟು ಉಳಿಸಿದ್ದು.

ನೀರೇನೋ ತುಂಬಿತು. "ಈಗ ಚಿಗುರು" ಅಂತ ಹೇಳುವವರು ಯಾರು? ಒಣ ಉಷ್ಣವಲಯದ ಹಲವು ಮರಗಳಲ್ಲಿ ಅದು ಹಗಲಿನ ಉದ್ದ. ಸಮಭಾಜಕ ವೃತ್ತಕ್ಕೆ ಹತ್ತಿರವಿದ್ದರೆ ಹಗಲು ಹೆಚ್ಚುಕಮ್ಮಿ ಆಗುವುದು ನಮಗೆ ಗೊತ್ತೇ ಆಗುವುದಿಲ್ಲ. 13 ಡಿಗ್ರಿ ಅಕ್ಷಾಂಶದಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಅಷ್ಟೇ. ಅದರಲ್ಲೂ ಫೆಬ್ರುವರಿ, ಮಾರ್ಚ್ ಹೊತ್ತಿಗೆ ಹೆಚ್ಚಾಗಿರುವುದು ಸುಮಾರು ಇಪ್ಪತ್ತರಿಂದ ನಲವತ್ತು ನಿಮಿಷ. ಮರಕ್ಕೆ ಅಷ್ಟು ಸಾಕು. ಮಳೆ ಯಾವಾಗ ಬರುತ್ತದೆ ಅಂತ ನಂಬುವ ಹಾಗಿಲ್ಲ. ಹಗಲು ಮಾತ್ರ ವರ್ಷ ವರ್ಷವೂ ಅದೇ ದಿನ ಅಷ್ಟೇ ಉದ್ದ. ಮಳೆಗಾಲ ಬರುವಷ್ಟರಲ್ಲಿ ಎಲೆ ಬಲಿತು ಸಿದ್ಧವಾಗಿದ್ದರೆ ಮೊದಲ ಮಳೆಯ ದಿನದಿಂದಲೇ ಪೂರ್ತಿ ಕೆಲಸ. ಮಳೆ ಬಂದ ಮೇಲೆ ಚಿಗುರುತ್ತಾ ಕೂತರೆ ಒಂದು ತಿಂಗಳು ಸುಮ್ನೆ ಹೋಗುತ್ತದೆ, ಅಲ್ವಾ?

ಚಳಿ ನಾಡುಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಮರ ಮೊದಲು ಸಾಕಷ್ಟು ಚಳಿ ತಿನ್ನಬೇಕು. ಎಷ್ಟೋ ಸೇಬಿನ ತಳಿಗಳು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯನ್ನು 800ರಿಂದ 1,000 ಗಂಟೆ ಅನುಭವಿಸದೆ ಸರಿಯಾಗಿ ಕಣ್ಣು ಬಿಡುವುದಿಲ್ಲ. ಚಳಿಯ ಕೋಟಾ ಮುಗಿದ ಮೇಲೆ ಬಿಸಿಯ ಲೆಕ್ಕ ಶುರು. ದಿನ ದಿನದ ಬಿಸಿ ಕೂಡುತ್ತಾ ಹೋಗಿ ಒಂದು ಮಟ್ಟ ಮುಟ್ಟಿದಾಗ ಮೊಗ್ಗು ಒಡೆಯುತ್ತದೆ. ಹೀಗೆ ಬಿಸಿಯನ್ನು ಕೂಡಿ ನೋಡುವ ಯೋಚನೆಯನ್ನು ಫ್ರಾನ್ಸಿನ ವಿಜ್ಞಾನಿ ರಿಯೋಮ್ಯೂರ್ 1735ರಲ್ಲೇ ಮುಂದಿಟ್ಟಿದ್ದ. ಫೆಬ್ರುವರಿಯಲ್ಲಿ ನಾಲ್ಕು ದಿನ ಬೆಚ್ಚಗಾದ ಮಾತ್ರಕ್ಕೆ ಅಲ್ಲಿನ ಮರಗಳು ಮೋಸಹೋಗದೆ ಇರುವುದು ಈ ಎರಡು ಬೀಗದಿಂದ.

ಈಗ ನನ್ನದೊಂದು ತಪ್ಪು ಹೇಳಿಬಿಡುತ್ತೇನೆ. ಸಸ್ಯಶಾಸ್ತ್ರ ಓದಿ ಮುಗಿಸಿದ ಹೊಸತು. ಮನೆ ಹಿಂದೆ ಒಂದು ಬೂರುಗದ ಮರ ಬೋಳಾಗಿ ನಿಂತಿತ್ತು. ಕಡ್ಡಿ ಮುರಿದು ನೋಡಿದೆ, ಪಟ್ಟನೆ ಮುರಿಯಿತು. ಸತ್ತಿದೆ ಅಂತ ತೀರ್ಮಾನಿಸಿ ದೊಡ್ಡ ಕೊಂಬೆಗೆ ಗರಗಸ ಹಾಕಿಸಿದೆ. ಎರಡನೇ ಕೊಂಬೆ ಬಿದ್ದಾಗ ಕತ್ತರಿಸಿದ ಜಾಗದಿಂದ ನೀರು ಜಿನುಗಿತು. ಕೊಯ್ಯುವವನು ನನ್ನ ಮುಖ ನೋಡಿ, "ಸತ್ತ ಮರ ಅಳ್ತದಾ ಸಾರ್?" ಅಂದ. ಕೆಳಗೆ ಬಿದ್ದ ಕೊಂಬೆಯ ತುದಿಯಲ್ಲಿ ಗುಂಡುಗುಂಡಾದ ಮೊಗ್ಗುಗಳಿದ್ದವು. ನೆಲದಿಂದ ನೋಡಿದಾಗ ಅವು ಗಂಟಿನ ಹಾಗೆ ಕಂಡಿದ್ದವು. ನಾನು ಪರೀಕ್ಷೆ ಮಾಡಿದ್ದು ಒಣಗಿದ ಒಂದು ಕಡ್ಡಿಯನ್ನು, ಮರವನ್ನಲ್ಲ. ನಿಮ್ಮ ಗೇಟಿನ ಮರದ ವಿಷಯಕ್ಕೆ ಕೊನೆಗೆ ಬರುತ್ತೇನೆ. ಅಲ್ಲಿಯವರೆಗೆ ಯಾರಿಗೂ ಗರಗಸ ಕೊಡಬೇಡಿ.

ಉದುರಿದ ಮೇಲೆ ಬರುವುದು ಚಿಗುರು. ನಿಮ್ಮಲ್ಲಿ ಅರಳಿ ಮರ ಇದೆ, ಅದೃಷ್ಟ. ಇದಕ್ಕಿಂತ ಒಳ್ಳೆಯ ಪಾಠ ಬೇರೆ ಮರದಲ್ಲಿಲ್ಲ. ಕೊಂಬೆಯ ತುದಿಯಲ್ಲಿ ಸೂಜಿಯ ಹಾಗೆ ಚೂಪಾದ ಮೊಗ್ಗು ಇರುತ್ತದೆ. ಅದು ಉಬ್ಬುತ್ತಾ ಬಂದು ಒಂದು ದಿನ ಹೊರಗಿನ ತೆಳು ಸಿಪ್ಪೆ ಕಳಚಿಬೀಳುತ್ತದೆ. ಬೆಳಿಗ್ಗೆ ಮರದ ಕೆಳಗೆ ಗುಡಿಸುವವರು ಇದನ್ನೇ ಮೊದಲು ನೋಡುವುದು: ಎಲೆ ಕಡಿಮೆಯಾಗಿ ಸಿಪ್ಪೆ ಜಾಸ್ತಿಯಾಯಿತು ಅಂದರೆ ಮರ ತಿರುಗಿತು ಅಂತ ಅರ್ಥ. ಹಿಂದೆಯೇ ತಾಮ್ರದ ಬಣ್ಣದ ಮೆದು ಎಲೆಗಳು. ಇಡೀ ಮರ ಕೆಲವೇ ದಿನಗಳಲ್ಲಿ ಬೋಳಿನಿಂದ ಕೆಂಪಿಗೆ, ಕೆಂಪಿನಿಂದ ತಿಳಿಹಸಿರಿಗೆ ಬರುತ್ತದೆ.

ಎಳೆ ಎಲೆ ಕೆಂಪಾಗಿ ಯಾಕಿರುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಮಾವು, ಅಶೋಕ, ಅರಳಿ, ಮೂರರಲ್ಲೂ ಹಾಗೇ. ಆಂಥೊಸಯನಿನ್ ಅನ್ನುವ ಬಣ್ಣ ಅದು. ಎಳೆ ಎಲೆಗೆ ಬಿರುಬಿಸಿಲು ತಡೆಯುವ ಶಕ್ತಿ ಇನ್ನೂ ಇಲ್ಲ, ಈ ಬಣ್ಣ ಕೊಡೆ ಹಿಡಿದ ಹಾಗೆ. ಇನ್ನೊಂದು ಲೆಕ್ಕಾಚಾರವೂ ಇದೆ. ಮೆದು ಎಲೆ ಹುಳುಗಳಿಗೆ ಬಲು ಇಷ್ಟ. ಹೇಗೂ ಸ್ವಲ್ಪ ಎಲೆ ಹುಳುವಿನ ಪಾಲು. ಹಾಗಿರುವಾಗ ಎಲೆ ಗಟ್ಟಿಯಾಗುವ ಮೊದಲೇ ಅದರಲ್ಲಿ ಹಸಿರು ಸರಕು ತುಂಬಿಟ್ಟರೆ ತಿಂದವರಿಗೆ ಲಾಭ. ಅದಕ್ಕೇ ಮರ ಮೊದಲು ಗಾತ್ರ ಬೆಳೆಸಿ, ಹಸಿರನ್ನು ಆಮೇಲೆ ತುಂಬುತ್ತದೆ. ಮಾವಿನ ಎಳೆ ಎಲೆ ಮುಟ್ಟಿ ನೋಡಿ. ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿರುತ್ತದೆ. ನೀರು ಸಾಲದೆ ಬಾಡಿದ್ದಲ್ಲ, ನೀರು ಹಾಕಲು ಓಡಬೇಡಿ.

ಮಾವಿನ ಹೂವಿನ ಬಗ್ಗೆ ಒಂದು ಮಾತು. ಅದನ್ನು ವಸಂತದ ಗುರುತು ಅನ್ನುವುದು ರೂಢಿ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಮಾವಿನ ಮೊಗ್ಗನ್ನು ಹೂವಿನ ಕಡೆಗೆ ತಿರುಗಿಸುವುದು ಚಳಿಗಾಲದ ತಂಪು ರಾತ್ರಿಗಳು. ಹೂ ಕಂಡಾಗ ನೀವು ನೋಡುತ್ತಿರುವುದು ಕಳೆದುಹೋದ ಚಳಿಯನ್ನು. ವಸಂತದ ಹೊತ್ತಿಗೆ ಅದು ಮಿಡಿ ಕಚ್ಚಿರುತ್ತದೆ. ಮಿಡಿ ರಾಶಿರಾಶಿ ಉದುರಿದರೂ ಗಾಬರಿ ಬೇಡ. ಒಂದು ಗೊಂಚಲಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಹೂ ಇರುತ್ತವೆ. ಅದರಲ್ಲಿ ನೂರಕ್ಕೆ ಒಂದೂ ಹಣ್ಣಾಗುವುದಿಲ್ಲ. ಅಷ್ಟನ್ನೆಲ್ಲ ಹೊರುವ ಶಕ್ತಿ ಕೊಂಬೆಗೂ ಇಲ್ಲ.

ಹಾಗಾದರೆ ಯಾವ ಹೂ ನಂಬಬೇಕು? ವರ್ಷಕ್ಕೆ ಒಂದೇ ಸಲ ಬೋಳಾಗಿ, ಒಂದೇ ಸಲ ಹೂ ಬಿಡುವ ಮರ ನೋಡಿ. ಹತ್ತಿರದಲ್ಲಿ ಮುತ್ತುಗ ಇದ್ದರೆ ಅದೇ ರಾಜ. ಎಲೆಯಿಲ್ಲದ ಕೊಂಬೆಯ ಮೇಲೆ ಕಿತ್ತಳೆ ಬಣ್ಣದ, ಗಿಳಿಕೊಕ್ಕಿನ ಆಕಾರದ ಹೂ. ಮಕರಂದ ಕುಡಿಯಲು ಬಂದ ಹಕ್ಕಿಗಳೇ ಅದರ ಪರಾಗ ಹೊರುವ ಕೂಲಿಯಾಳುಗಳು. ಅಡ್ಡ ಬರುವ ಎಲೆ ಇಲ್ಲದಿರುವುದರಿಂದ ಬಣ್ಣ ದೂರದಿಂದಲೇ ಅವಕ್ಕೆ ಕಾಣುತ್ತದೆ. ಬೇವು, ಹೊಂಗೆ ನಿಮ್ಮಲ್ಲೇ ಇವೆ, ಅವೂ ಒಳ್ಳೆಯ ಸಾಕ್ಷಿಗಳು. ಹೊಂಗೆ ಮೊದಲು ಹೊಳೆಯುವ ಹೊಸ ಎಲೆ ಹೊತ್ತು, ಆಮೇಲೆ ಹೂ ಚೆಲ್ಲುತ್ತದೆ. ದಾಸವಾಳವನ್ನು ನಂಬಬೇಡಿ, ಅದಕ್ಕೆ ವರ್ಷವಿಡೀ ಹಬ್ಬ. ಕಾಗದದ ಹೂವಿನ ಬಳ್ಳಿ ನೀರು ಕಡಿಮೆಯಾದಾಗಲೆಲ್ಲ ಬಣ್ಣ ತುಂಬಿಕೊಳ್ಳುತ್ತದೆ. ಮಳೆ ಲಿಲ್ಲಿ ಒಂದು ಒಳ್ಳೆಯ ಮಳೆ ಬಿದ್ದ ಕೆಲವೇ ದಿನಕ್ಕೆ ಅರಳುತ್ತದೆ. ಅದು ಹೇಳುವುದು ಮಳೆಯ ಸುದ್ದಿ, ಋತುವಿನದಲ್ಲ. ಇನ್ನು ಬಚ್ಚಲ ನೀರು ಕುಡಿದು ಬೆಳೆದ ಮರ ಮತ್ತು ರಾತ್ರಿಯಿಡೀ ಉರಿಯುವ ದೀಪದ ಪಕ್ಕದ ಮರ, ಇವೆರಡನ್ನೂ ಸಾಕ್ಷಿಗೆ ಕರೆಯಬೇಡಿ.

ಹೂವಿನಷ್ಟೇ ಕಿವಿಯನ್ನೂ ನಂಬಿ. ನನ್ನ ಅನುಭವದಲ್ಲಿ ಕಣ್ಣಿಗಿಂತ ಕಿವಿಗೆ ವಸಂತ ಬೇಗ ಸಿಗುತ್ತದೆ. ಚಳಿಗಾಲವಿಡೀ ನೆಲದ ಮೇಲೆ ಬಾಲ ಕುಣಿಸಿಕೊಂಡು ತೆಪ್ಪಗೆ ಓಡಾಡುತ್ತಿದ್ದ ಕಪ್ಪು ಬಿಳಿ ಮಡಿವಾಳ ಹಕ್ಕಿ ಒಂದು ದಿನ ಬೆಳಕು ಹರಿಯುವ ಮುಂಚೆ ತಂತಿಯ ತುದಿಗೋ ಮರದ ನೆತ್ತಿಗೋ ಏರಿ ಸಿಳ್ಳೆ ಹಾಕುತ್ತದೆ. ಅದೇ ಹಕ್ಕಿಯಾ ಅಂತ ಅನುಮಾನ ಬರುವಷ್ಟು ಬದಲಾವಣೆ. ಕೋಗಿಲೆಯೂ ಹಾಗೆಯೇ. "ಕೋಗಿಲೆ ಬಂತು" ಅಂತೀವಿ. ಅನೇಕ ಕಡೆ ಅದು ವರ್ಷವಿಡೀ ಅಲ್ಲೇ ಇತ್ತು, ಬಾಯಿ ಬಿಟ್ಟಿರಲಿಲ್ಲ ಅಷ್ಟೇ. ಆ "ಕುಹೂ" ಹೆಣ್ಣಿನದೂ ಅಲ್ಲ. ಕವಿಗಳು ಹೆಣ್ಣಿಗೆ ಕೊಟ್ಟ ಕೀರ್ತಿ ಕಪ್ಪು ಬಣ್ಣದ ಗಂಡಿಗೆ ಸೇರಬೇಕಾದ್ದು. ಕಂದು ಮೈ ಮೇಲೆ ಬಿಳಿ ಚುಕ್ಕೆಯ ಹೆಣ್ಣು "ಕಿಕ್ ಕಿಕ್ ಕಿಕ್" ಅಂತ ಕಿರುಚುತ್ತದೆ. ಕಾಗೆ ಕಡ್ಡಿ ಕಚ್ಚಿಕೊಂಡು ಹಾರುವುದು ಕಂಡರೆ ಸುತ್ತ ಕೋಗಿಲೆ ಇರುತ್ತದೆ ಅಂತಿಟ್ಟುಕೊಳ್ಳಿ. ಅದಕ್ಕೆ ಮೊಟ್ಟೆ ಇಡಲು ಆ ಗೂಡೇ ಬೇಕು.

ಹಕ್ಕಿಗಳ ಗಡಿಯಾರವೂ ಬಹುಮಟ್ಟಿಗೆ ಬೆಳಕೇ. ಆಶ್ಚರ್ಯ ಅಂದರೆ ಅವು ಹಗಲನ್ನು ಅಳೆಯುವುದು ಕಣ್ಣಿನಿಂದ ಮಾತ್ರ ಅಲ್ಲ. ತಲೆಬುರುಡೆಯ ಮೂಲಕ ಒಳಗಿಳಿಯುವ ಬೆಳಕನ್ನು ಮೆದುಳಿನ ಆಳದಲ್ಲಿರುವ ಕೋಶಗಳು ಗುರುತಿಸುತ್ತವೆ. ಹಗಲು ಉದ್ದವಾಯಿತು ಅಂತ ಗೊತ್ತಾದ ಕೂಡಲೇ ಹಾರ್ಮೋನು ಹರಿದು, ಹಾಡು, ಜಗಳ, ಗೂಡು ಎಲ್ಲ ಒಟ್ಟಿಗೆ ಶುರು. ಎಷ್ಟು ಸೂಕ್ಷ್ಮ ಅಂದರೆ, ಪನಾಮಾದ ಕಾಡಿನ ಒಂದು ಸಣ್ಣ ಹಕ್ಕಿ ಹಗಲು 17 ನಿಮಿಷ ಹೆಚ್ಚಾದರೂ ತಿಳಿದುಕೊಳ್ಳುತ್ತದೆ ಅಂತ 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಂಡಿತು.

ನಿಮ್ಮ ಕಿಟಕಿಯ ಹಕ್ಕಿಯ ಕಥೆ ಇಲ್ಲೇ ಬರುತ್ತದೆ. ಪುಟ್ಟದು ಅಂದಿದ್ದೀರಿ, ಬಹುಶಃ ಸೂರಕ್ಕಿಯ ಗಂಡು. ಬೇರೆ ಹಕ್ಕಿಯಾದರೂ ಕಾರಣ ಇದೇ. ಗಾಜಿನಲ್ಲಿ ತನ್ನದೇ ಬಿಂಬ ಕಾಣುತ್ತದೆ, ಜಾಗ ಕಸಿಯಲು ಬಂದ ಇನ್ನೊಂದು ಗಂಡು ಅಂದುಕೊಳ್ಳುತ್ತದೆ. ನಿಜವಾದ ಶತ್ರು ಎರಡು ಪೆಟ್ಟು ತಿಂದರೆ ಓಡಿಹೋಗುತ್ತಾನೆ. ಈ ಶತ್ರು ಎಷ್ಟು ಕುಕ್ಕಿದರೂ ಹೋಗುವುದಿಲ್ಲ, ತಿರುಗಿ ಕುಕ್ಕುತ್ತಾನೆ! ಒಳಗಿನಿಂದ ಪರದೆ ಎಳೆದರೆ ಬಿಂಬ ಇನ್ನೂ ಚೆನ್ನಾಗಿ ಕಾಣುತ್ತದೆ, ಅದರಿಂದ ಉಪಯೋಗವಿಲ್ಲ. ಗಾಜಿನ ಹೊರಮೈಗೆ ಹಳೇ ಪತ್ರಿಕೆ ಅಂಟಿಸಿ, ಇಲ್ಲವೇ ಸೋಪಿನ ನೀರು ಸವರಿ ಮಸುಕು ಮಾಡಿ. ವಾಹನದ ಕನ್ನಡಿ ಇದ್ದರೆ ಅದಕ್ಕೂ ಒಂದು ಚೀಲ ಹಾಕಿ. ಮರಿ ಮಾಡುವ ಕಾಲ ಮುಗಿದ ಮೇಲೆ ತಾನೇ ನಿಲ್ಲಿಸುತ್ತದೆ.

ಆ ಜಗಳಗಂಟ ಸೂರಕ್ಕಿಯೇ ಆಗಿದ್ದರೆ ಗೂಡು ಹತ್ತಿರದಲ್ಲೇ ಇರುತ್ತದೆ. ಹುಡುಕುವುದು ಕಷ್ಟ, ಏಕೆಂದರೆ ಅದು ಗೂಡಿನ ಹಾಗೆ ಕಾಣುವುದೇ ಇಲ್ಲ. ಸಣ್ಣ ಕೊಂಬೆಯ ತುದಿಯಲ್ಲೋ, ಬಟ್ಟೆ ಒಣಹಾಕುವ ತಂತಿಯಲ್ಲೋ ಜೇಡರ ಬಲೆಗೆ ಕಸ ಸಿಕ್ಕಿ ನೇತಾಡುತ್ತಿರುವಂತೆ ಕಾಣುತ್ತದೆ. ಹತ್ತಿರ ಹೋಗಿ ನೋಡಿ: ಜೇಡರ ನೂಲಿನಿಂದಲೇ ಹೆಣೆದ ಚೀಲ. ಹೊರಗೆ ತೊಗಟೆಯ ಚೂರು, ಒಣ ಎಲೆ, ಕಂಬಳಿಹುಳುವಿನ ಹಿಕ್ಕೆ ಎಲ್ಲ ಅಂಟಿಸಿರುತ್ತದೆ. ಪಕ್ಕದಲ್ಲಿ ಒಂದು ಕಿಂಡಿ, ಮೇಲೆ ಮಳೆ ಬಿಸಿಲಿಗೆ ಪುಟ್ಟ ಸೂರು. ಒಳಗೆ ಸಾಮಾನ್ಯವಾಗಿ ಎರಡೇ ಮೊಟ್ಟೆ. ಕಸ ಅಂತ ಪೊರಕೆಯಿಂದ ಎಳೆದು ಹಾಕಿದವರನ್ನು ನಾನು ನೋಡಿದ್ದೇನೆ. ಈ ಎರಡು ತಿಂಗಳು ಜಂತಿಯ ಮೂಲೆ, ತಂತಿ, ಬಳ್ಳಿ ಶುಚಿ ಮಾಡುವಾಗ ಒಂದು ಕ್ಷಣ ನಿಂತು ನೋಡಿ.

ಹೋಗುವವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಇದನ್ನು ಯಾರೂ ಬರೆದಿಡುವುದಿಲ್ಲ. ಉತ್ತರದಿಂದ ಚಳಿಗಾಲ ಕಳೆಯಲು ಬಂದ ಕುಂಡೆಕುಸ್ಕ, ಕವಲುತೋಕೆ ಹಕ್ಕಿಗಳು ಮಾರ್ಚ್, ಏಪ್ರಿಲ್ ಹೊತ್ತಿಗೆ ಒಂದೊಂದಾಗಿ ಕಾಣೆಯಾಗುತ್ತವೆ. ಮೊದಲು ಬಂದ ದಿನ ಎಲ್ಲರಿಗೂ ನೆನಪಿರುತ್ತದೆ. ಕೊನೆಯ ಸಲ ಕಂಡ ದಿನ ಮಾತ್ರ ಮರೆತುಹೋಗುತ್ತದೆ, ಅದು ಕೊನೆಯದು ಅಂತ ಆ ದಿನ ಗೊತ್ತಿರುವುದಿಲ್ಲವಲ್ಲ.

ಹೂ ಹೆಚ್ಚಾದಾಗ ಜೇನು ಪಾಲಾಗುತ್ತದೆ. ಹಳೇ ರಾಣಿ ಒಂದಷ್ಟು ಹುಳು ಕಟ್ಟಿಕೊಂಡು ಹೊಸ ಜಾಗ ಹುಡುಕಿ ಹೊರಡುತ್ತದೆ. ನಡುವೆ ಎಲ್ಲಾದರೂ ಕೊಂಬೆಯ ಮೇಲೆ ಗಡ್ಡದ ಹಾಗೆ ಗುಂಪುಕಟ್ಟಿ ಕೂರುತ್ತದೆ. ಸಾಮಾನ್ಯವಾಗಿ ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ. ಹೊಗೆ ಹಾಕುವುದು, ನೀರು ಎರಚುವುದು ಮಾಡದೆ ದೂರ ಇದ್ದರೆ ಸಾಕು.

ಕೊನೆಯ ಪ್ರಶ್ನೆ: ವಸಂತ ಬಂತು ಅಂತ ಯಾವುದನ್ನು ನೋಡಿ ಹೇಳಬೇಕು? ಒಂದನ್ನೇ ನೋಡಿ ಹೇಳಬೇಡಿ, ಸಾಲು ನೋಡಿ. ಉದುರಿದ್ದು, ಮೊಗ್ಗು ಉಬ್ಬಿದ್ದು, ಹಾಡು ಶುರುವಾದದ್ದು, ಕೆಂಪು ಚಿಗುರು, ಗೂಡು. ಈ ಸಾಲು ನಿಮ್ಮ ಮನೆಯ ಸುತ್ತ ಯಾವ ಕ್ರಮದಲ್ಲಿ ಬರುತ್ತದೆ ಅನ್ನುವುದು ಪಕ್ಕದೂರಿಗಿಂತ ಬೇರೆ ಇರಬಹುದು. ಅದಕ್ಕೆ ಒಂದು ನೋಟುಬುಕ್ಕು ಬೇಕು. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಷಮ್ ಅನ್ನುವವರು 1736ರಲ್ಲಿ ಹೀಗೇ ಶುರು ಮಾಡಿದರು. ಮೊದಲ ಹೂ, ಮೊದಲ ಎಲೆ, ಮೊದಲ ಕೂಗು, ಹೀಗೆ 20ಕ್ಕೂ ಹೆಚ್ಚು ಗುರುತು. ಅವರ ಮನೆತನದವರು ಅದನ್ನು 1958ರ ತನಕ ಮುಂದುವರಿಸಿದರು. ಜಪಾನಿನ ಕ್ಯೋಟೊದಲ್ಲಂತೂ ಚೆರ್ರಿ ಹೂವಿನ ದಾಖಲೆ 9ನೇ ಶತಮಾನದಿಂದ ಸಿಗುತ್ತದೆ. 2021ರಲ್ಲಿ ಅದು ಮಾರ್ಚ್ 26ಕ್ಕೇ ಪೂರ್ತಿ ಅರಳಿತು. 1,200 ವರ್ಷಗಳ ದಾಖಲೆಯಲ್ಲಿ ಅಷ್ಟು ಬೇಗ ಅರಳಿದ್ದೇ ಇರಲಿಲ್ಲ. ವಸಂತ ಮೊದಲಿಗಿಂತ ಬೇಗ ಬರುತ್ತಿದೆ ಅನ್ನುವುದು ಹೀಗೆ ಬರೆದಿಟ್ಟವರಿಂದಲೇ ಗೊತ್ತಾದದ್ದು.

ನೀವು ಅಷ್ಟು ದೊಡ್ಡದಾಗಿ ಮಾಡಬೇಕಿಲ್ಲ. ನಾಲ್ಕು ಮರ ಆರಿಸಿ, ಅದೇ ಮರಗಳನ್ನು ವಾರಕ್ಕೊಮ್ಮೆ ಅದೇ ದಿನ ನೋಡಿ. "ಚಿಗುರು ಇಲ್ಲ, ಸ್ವಲ್ಪ, ಅರ್ಧ, ಪೂರ್ತಿ" ಅಂತ ನಾಲ್ಕರಲ್ಲಿ ಒಂದು ಬರೆಯಿರಿ. "ಇಲ್ಲ" ಅನ್ನುವುದನ್ನೂ ಬರೆಯಿರಿ. ಹೋದ ವಾರ ಇರಲಿಲ್ಲ ಅಂತ ಗೊತ್ತಿದ್ದರೆ ತಾನೇ ಈ ವಾರದ ಚಿಗುರಿಗೆ ತಾರೀಕು ಸಿಗುವುದು? ಬರೀ ಮೊದಲ ಹೂವಿನ ದಿನ ಬರೆದರೆ ಸಾಲದು, ಆತುರದ ಒಂದು ಕೊಂಬೆ ಎಲ್ಲ ಲೆಕ್ಕ ಕೆಡಿಸುತ್ತದೆ. ನಮ್ಮ ದೇಶದಲ್ಲಿ ಸೀಸನ್‌ವಾಚ್ ಅನ್ನುವ ಯೋಜನೆ ಹೀಗೆ ವಾರವಾರ ಮರ ನೋಡುವ ಜನಸಾಮಾನ್ಯರ ಮಾಹಿತಿ ಸೇರಿಸುತ್ತಿದೆ. ಬೇಕಿದ್ದರೆ ನಿಮ್ಮ ಅರಳಿಯನ್ನೂ ಅದಕ್ಕೆ ಸೇರಿಸಬಹುದು.

ಇನ್ನು ಗೇಟಿನ ಮರ. ಬೆರಳು ದಪ್ಪದ ಮೂರು ಕೊಂಬೆಗಳನ್ನು ಬೇರೆ ಬೇರೆ ದಿಕ್ಕಿನಲ್ಲಿ ಆರಿಸಿ. ಉಗುರಿನಿಂದ ತೊಗಟೆಯನ್ನು ಕಡಲೆಕಾಳಿನಷ್ಟು ಮಾತ್ರ ಕೆರೆಯಿರಿ. ಕೆಳಗೆ ತೇವದ ಹಸಿರು ಕಂಡರೆ ಆ ಕೊಂಬೆ ಬದುಕಿದೆ. ಮೂರೂ ಕಂದಾಗಿ ಒಣಗಿದ್ದರೆ ಕಾಂಡದ ಬುಡದ ಹತ್ತಿರ ಒಂದು ಕಡೆ ನೋಡಿ. ಅಲ್ಲೂ ಹಸಿರಿಲ್ಲ, ಮೊಗ್ಗಿಲ್ಲ ಅಂದರೂ ಈ ಮಳೆಗಾಲ ಮುಗಿಯುವ ತನಕ ಕಾಯಿರಿ. ಗೇಟಿನ ಮೇಲೆ ಬೀಳುವಂತಿರುವ ಒಣಕೊಂಬೆ ಇದ್ದರೆ ಅದೊಂದನ್ನು ಮಾತ್ರ ತೆಗೆಸಿ. ಕತ್ತರಿಸುವ ಮುಂಚೆ ಅದರಲ್ಲಿ ಗೂಡು ಇದೆಯಾ ನೋಡಿಕೊಳ್ಳಿ. ಚಿಗುರು ಬಂದ ಮೇಲೆ ಒಂದು ಎಲೆ, ಸಿಕ್ಕರೆ ಒಂದು ಹೂವಿನ ಫೋಟೊ ಕಳಿಸಿ, ಮರದ ಹೆಸರು ಹೇಳುತ್ತೇನೆ.